ಮಾಡಬಾರದವುಗಳ ದಿನ

ಸವಣೂರು
೧೨ನೇ ಜೂನ್ ೧೯೪೩

ಪ್ರೀತಿಯ ಅಕ್ಕ ಕೃಷ್ಣಾಬಾಯಿಗೆ ತಂಗಿ ತುಳಸಾಳ ನಮಸ್ಕಾರಗಳು.

ನಾನು ಪರಮತದವರ ಮನೆಯಲ್ಲಿ ಅವರ ದೇವರ ಹಾಡು ಓದಿದ್ದು ನಿಜವೇ ಎಂದು ಹಾನಗಲ್ಲಿನಿಂದ ಬರೆದು ಕೇಳಿದ್ದೀ. ನಿಜ, ಅಕ್ಕ. ಯಾಕೆ ಓದಿದೆ ಎಂಬುದನ್ನೂ ಕೇಳು.

ಗೋಡೆಯಾಚೆಯ ಮನೆಯ ರಹಮಿಮಸಾಹೇಬರು ಕೊಂಕಣದ ಕಡೆಯ ಯೆಹೂದಿಗಳು, ಹೊಲ ಅಳೆಯುವ ಮೋಜಣಿ ಖಾತೆಯಲ್ಲಿದ್ದವರು. ಈಗ ಕಣ್ಣು ಪೂರ್ತಿ ಹೋಗಿವೆ. ಮಳೆಗಾಲದ ಮೊದಲಿಗೆ ಅವರಿಗೆ ಎರಡು ದಿನದ ಹಬ್ಬ. ದೇವರ ವಿಧಿನಿಷೇಧ ಆರುನೂರಾ ಹದಿಮೂರನ್ನೂ ಪೋಣಿಸಿದ ಹೀಬ್ರೂ ಹಾಡನ್ನು ಆಗ ಹೇಳುತ್ತಾರೆ. ಮೊದಲ ದಿನ ಮಾಡಬೇಕಾದವು, ಎರಡನೆಯ ದಿನ ಮಾಡಬಾರದವು. ಹೆಂಡತಿ ಹನ್ನಾಬಾಯಿ ಒಂದೊಂದೇ ಸಾಲು ಓದಿಕೊಡುವುದು, ಇವರು ರಾಗವಾಗಿ ಹೇಳುವುದು.

ಹನ್ನಾಬಾಯಿ ಮಾಘದಲ್ಲಿ ತೀರಿಕೊಂಡರು. ನನ್ನವರು ಕಣ್ಣುಮುಚ್ಚಿದ ವರ್ಷ ಈ ಓಣಿಯಲ್ಲಿ ನನ್ನನ್ನು ಮಾತನಾಡಿಸಿದವರು ಅವರೊಬ್ಬರೇ. ಕೊನೆಗೆ ನನ್ನ ಕೈ ಹಿಡಿದು, "ತುಳಸಾ, ಪುಸ್ತಕದಾಗ ಹೀಬ್ರೂ ಮಾತು ನಿನಗ ಬರೋ ಮರಾಠಿ ಬಾಳಬೋಧ ಅಕ್ಷರದಾಗೂ ಅದಾವ. ಎರಡೂ ದಿನ ನೀನ ಓದಿಕೊಡು" ಎಂದರು. ಹೂಂ ಎಂದೆ.

ಮೊದಲ ದಿನ ಮಧ್ಯಾಹ್ನ ಹೋದೆ. ಅರ್ಥವಾಗದ ಮಾತುಗಳು ನಾಲಿಗೆಗೆ ತೊಡರಿದವು. ಸಾಹೇಬರು ಬೇಸರಿಸದೆ ತಿದ್ದಿದರು. ಎರಡನೆಯ ದಿನ ನನಗೆ ಜ್ವರ ಬಂತು, ಹೋಗಲಾಗಲಿಲ್ಲ. ನಡುಮನೆಯಲ್ಲಿ ಗೋಡೆಯ ಪಕ್ಕಕ್ಕೇ ಮಲಗಿದ್ದೆ. ಆಚೆ ಹೆಣ್ಣುದನಿಯೊಂದು ಸಾಲು ಓದಿತು. ಸಾಹೇಬರು ಅದನ್ನೇ ರಾಗವಾಗಿ ಹೇಳಿದರು. ಮತ್ತೊಂದು ಸಾಲು. ಹಾಡು ಮುಗಿಯುವವರೆಗೂ ಹೀಗೆಯೇ. ಆ ದನಿ ಒಮ್ಮೆಯೂ ತೊಡರಲಿಲ್ಲ.

ಸಂಜೆ ತಡೆಯಲಾರದೆ ಹೋದೆ. ಅವರ ಕಟ್ಟೆಯ ಮೇಲೆ ವೀಳ್ಯದೆಲೆ ಮಾರುವ ಚಾಂದಬಿಯನ್ನು ಒಳಗೆ ಯಾರು ಬಂದಿದ್ದರೆಂದು ಕೇಳಿದೆ.

"ಯಾರೂ ಬಂದಿಲ್ರಿ ಬಾಯಾರ. ಮುಂಜಾನಿಂದ ನಾ ಇಲ್ಲೇ ಕುಂತೇನಿ" ಎಂದಳು.

ಸಾಹೇಬರು ನನ್ನ ಹೆಜ್ಜೆಯನ್ನು ಗುರುತಿಸಿ ಮುಖವೆತ್ತಿದರು. "ಇವತ್ತ ಭಾಳ ಛಲೋ ಓದಿದಿ, ಮಗಳ. ಆದರ ಹಾಳಿ ತಿರುವುವಾಗ ನಿನ್ನ ಕೈ ತಾಗಿತು. ಯಾಕ ಅಷ್ಟ ತಣ್ಣಗಿತ್ತು?"

ನಾನೇ ಓದಿದೆನೆಂದು ಅವರು ನಂಬಿಕೊಂಡಿರಲೆಂದು, ತೆರೆದಿದ್ದ ಪುಸ್ತಕವನ್ನು ಮುಚ್ಚಿಟ್ಟೆ. ಅವರ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಸಮಾಧಾನವಿತ್ತು.

ಜ್ವರದ ಭ್ರಮೆ ಎಂದು ನೀನು ಬರೆಯಬಹುದು. ಹಾಗೆಯೇ ತಿಳಿದುಕೋ.

ನಿನ್ನ ತಂಗಿ,
ತುಳಸಾ

ತಾ.ಕ.: ನನಗೆ ಜ್ವರ ಬಂದಿರಲಿಲ್ಲ, ಅಕ್ಕ. ಇನ್ನೊಮ್ಮೆ ಅಲ್ಲಿ ಕಾಲಿಟ್ಟರೆ ಈ ಮನೆಯಲ್ಲಿ ಜಾಗವಿಲ್ಲ ಎಂದು ನನ್ನವರ ಅಣ್ಣ, ಭಾವ ರಾಘಣ್ಣನವರು ಹೇಳಿದ್ದರು, ಹೆದರಿ ಕೂತುಬಿಟ್ಟೆ. ಸಂಜೆ ಹೋದದ್ದೂ ಅವರ ಕಣ್ಣು ತಪ್ಪಿಸಿಯೇ. ಹಾಡು ಮುಗಿದ ಮೇಲೆ ಹನ್ನಾಬಾಯಿಯ ದನಿ ಗೋಡೆಯ ಈಚೆ, ನನ್ನ ಕಿವಿಯ ಹತ್ತಿರವೇ, "ನಿನ್ನ ದಾರಿ ನೋಡಿದೆ, ತುಳಸಾ" ಎಂದಿತು. ಬರುವ ವರ್ಷ ಎರಡೂ ದಿನ ಹೋಗುತ್ತೇನೆ. ಭಾವ ಹೊರಗೆ ಹಾಕಿದರೆ ನಿನ್ನಲ್ಲಿಗೆ ಬರಲೇ? ಇದೊಂದಕ್ಕೆ ಉತ್ತರ ಬರೆ.