ಕೈ ಚಾಚಿದ ತಮ್ಮ

ಅಮ್ಮಾ,

ನೀನು ತೀರಿಕೊಂಡ ಮೇಲೆ ತಮ್ಮ ಇಂದೇ ಮೊದಲು ಚರ್ಚಿಗೆ ಬಂದಿದ್ದ. ಆರಾಧನೆಯ ನಡುವೆ ಎಲ್ಲರೂ ಪರಸ್ಪರ ಕೈಹಿಡಿದು ‘ಸಮಾಧಾನವಿರಲಿ’ ಎಂದು ಹಾರೈಸುವ ಹೊತ್ತಿಗೆ ನೇರವಾಗಿ ನನ್ನ ಬಳಿಗೆ ಬಂದು ಕೈ ಚಾಚಿದ. ಧ್ವನಿವರ್ಧಕದ ಹೊಣೆ ನನ್ನದಲ್ಲವೇ? ನಾನು ಬಗ್ಗಿ, ಯಾವ ದೋಷವೂ ಇಲ್ಲದ ತಂತಿಯನ್ನು ಬಿಚ್ಚಿ ಮತ್ತೆ ಜೋಡಿಸತೊಡಗಿದೆ.

“ಏನಣ್ಣಾ, ಕೈ ಕೊಡೋದಕ್ಕೂ ಕರೆಂಟ್ ಬೇಕಾ?” ಎಂದ.

“ಕೆಲಸ ಇದೆ, ಕಾಣಿಸಲ್ವಾ?” ಎಂದೆ.

ನಿನ್ನ ಕಾಯಿಲೆಯಲ್ಲಿ ಅವನು ಬಾರದಿದ್ದುದನ್ನು ನೀನು ಕ್ಷಮಿಸಿದೆ; ನನ್ನಿಂದಾಗುತ್ತಿಲ್ಲ. ಕ್ಷಮಿಸುವ ಮನಸ್ಸು ಕೊಡೆಂದು ಬೆಳಿಗ್ಗೆ ದೇವರ ಮುಂದೆ ಮಂಡಿಯೂರಿ ಬೇಡಿದವನೂ ನಾನೇ, ಅವನು ಎದುರಿಗೆ ಬಂದು ನಿಂತಾಗ ಮುಖ ತಿರುಗಿಸಿದವನೂ ನಾನೇ. ಎಂಥ ವಿಶ್ವಾಸಿ!

ಇದನ್ನೆಲ್ಲ ಹೇಳಬೇಕಾದದ್ದು ಅವನಿಗೆ. ಅವನ ಮನೆ ಪಕ್ಕದ ಬೀದಿಯಲ್ಲೇ ಇದೆ. ಆದರೂ ಕುಳಿತು ನಿನಗೆ ಬರೆಯುತ್ತಿದ್ದೇನೆ.