ಹತ್ತಿ ಬಂದವರ ಲೆಕ್ಕ

ಮಂಗಳವಾರ, ಜೂನ್ ೧೦

ಆಸ್ಪತ್ರೆಯಲ್ಲಿ ದಮ್ಮಿನ ಹೊಸ ಔಷಧಿಯ ಪರೀಕ್ಷೆ; ನಾನು ಲೆಕ್ಕ ಹಾಕಿ ಎಳೆಯುವ ಗೆರೆ ಇವತ್ತೂ ಮೇಲಕ್ಕೇ ಏರಿತು. ಅಂಕಿಗಳ ನಡುವೆ ಹಾದುಹೋಗುವ ಆ ರಿಗ್ರೆಶನ್ ಗೆರೆಯ ಪ್ರಕಾರ ತಿಂಗಳು ಕಳೆದಂತೆ ರೋಗಿಗಳ ಉಸಿರಾಟ ಸುಧಾರಿಸುತ್ತಿದೆ. ಆದರೆ ಮರುತಪಾಸಣೆಗೆ ಅರ್ಧಕ್ಕರ್ಧ ಜನ ಬಂದೇ ಇಲ್ಲ.

"ಬರದೇ ಇರೋರನ್ನ ಬಿಟ್ಟು ಲೆಕ್ಕ ಹಾಕಿ, ಎಲ್ಲಾ ಕಡೆ ಹಾಗೇ ಮಾಡೋದು" ಎಂದರು ಪರೀಕ್ಷೆ ನಡೆಸುತ್ತಿರುವ ಡಾಕ್ಟರು.

ಬರದವರೂ ಬಂದವರಂತೆಯೇ ಇದ್ದಿದ್ದರೆ ಬಿಡಬಹುದಿತ್ತು. ತಪಾಸಣೆಯ ಕೋಣೆ ಇರುವುದು ಮೂರನೇ ಮಹಡಿಯಲ್ಲಿ. ಲಿಫ್ಟ್ ಕೆಟ್ಟು ಚಳಿಗಾಲದಿಂದ ನಿಂತಿದೆ. ಗಟ್ಟಿಮುಟ್ಟಾಗಿರುವ ನಾನೇ ಮೆಟ್ಟಿಲು ಹತ್ತುವಾಗ ನಡುವೆ ಕಂಬಿ ಹಿಡಿದು ನಿಲ್ಲುತ್ತೇನೆ. ಹತ್ತಲಾರದವರ ಉಸಿರು ನನ್ನ ಲೆಕ್ಕಕ್ಕೆ ಸಿಗುವುದೇ ಇಲ್ಲ. ಇದನ್ನು ಹೇಳಿದರೆ "ಅತಿ ಬುದ್ಧಿವಂತಿಕೆ ಬೇಡ" ಅಂತೆ. ಮೈಯೆಲ್ಲ ಉರಿಯಿತು. ಎದ್ದು ಬಂದೆ.

ಸಂಜೆ ದೊಡ್ಡಪ್ಪನನ್ನು ನೋಡಲು ಹೋಗಿದ್ದೆ. ಅವರು ಕುಡಿಯುತ್ತಿರುವುದೂ ಅದೇ ಔಷಧಿ. ನಾಳೆ ಅವರ ತಪಾಸಣೆ. ನೆನಪಿಸಿದ್ದಕ್ಕೆ ಮಾತಿಗೊಮ್ಮೆ ಏದುಸಿರು ಬಿಡುತ್ತಲೇ ನಕ್ಕರು.

"ಅಷ್ಟು ಮೆಟ್ಟಿಲು ಹತ್ತೋ ಉಸಿರಿದ್ರೆ ನಂಗೆ ಔಷಧಿ ಯಾಕಮ್ಮ ಬೇಕಿತ್ತು? ನಾ ಬರಲ್ಲ ಬಿಡು."

ನನಗೂ ನಗು ಬಂತು. ಮನೆಗೆ ಬಂದು ನಾಳೆ ತಪಾಸಣೆಗೆ ಬರಬೇಕಾದವರ ಪಟ್ಟಿ ತೆರೆದೆ.

ನಾಳೆ ದೊಡ್ಡಪ್ಪನ ಹೆಸರಿನ ಮುಂದೆಯೂ ಖಾಲಿ ಬಿಡಬೇಕು. ಅವರನ್ನು ಬಿಟ್ಟರೆ ಗೆರೆ ಇನ್ನೊಂದು ಕೂದಲೆಳೆಯಷ್ಟು ಮೇಲೇರುತ್ತದೆ. ಅದನ್ನು ಎಳೆಯಬೇಕಾದ ಕೈ ನನ್ನದೇ.