ತೊಟ್ಟಿಗೆ ಕಿವಿಯಿಟ್ಟವನ ಉತ್ತರ

ಅಡುಗೆಮನೆಯ ಮೇಜು, ನಿನ್ನ ಕಂಪ್ಯೂಟರಿನ ಪಕ್ಕ
ಮಾರ್ಚ್ ೧೧, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಮೊಂಡೀ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಇಡೀ ದಿನ ನಿಂತು ನಿನ್ನ ಕಾಲು ಊದುತ್ತಿದೆ ಎಂದು ಅತ್ತೆ ಫೋನಿನಲ್ಲಿ ಹೇಳಿದರು. ನನ್ನ ಬೆನ್ನುನೋವು ಹಾಗೇ ಇದೆ. ಮೈಯೂ ಉರಿಯುತ್ತಿದೆ, ಜ್ವರದಿಂದಲ್ಲ, ಸಿಟ್ಟಿನಿಂದ.

ಅಮ್ಮ ತೀರಿಕೊಂಡ ವಾರವೇ ನೀನು ಆನ್‌ಲೈನ್ ಕೆಮಿಸ್ಟ್ರಿ ಕೋರ್ಸನ್ನು ಏಳನೇ ಪಾಠಕ್ಕೆ ನಿಲ್ಲಿಸಿ, ಇಯರ್‌ಫೋನನ್ನು ಡ್ರಾಯರಿಗೆ ಎಸೆದು ಹೊರಟುಹೋದೆ. ಹದಿನಾಲ್ಕು ದಿನ ಪಾಠ ನೋಡದಿದ್ದರೆ ಹೆಸರು ತೆಗೆಯುತ್ತೇವೆ ಎಂದು ನೋಟೀಸು ಬಂತು. ತೆಗೆಯಲು ಇವರ್ಯಾರು? ನಿನ್ನ ಹೆಸರಿನಲ್ಲಿ ನಾನೇ ಪಾಠಕ್ಕೆ ಕುಳಿತೆ. ನನ್ನ ಕಾಲೇಜಿನ ಇಂಗ್ಲಿಷಿಗೆ ತುಕ್ಕು ಹಿಡಿದು ಎಷ್ಟೋ ವರ್ಷವಾಯಿತು. 'ಐ ಬೆಗ್ ಟು ಸ್ಟೇಟ್' ಎಂಬುದರಾಚೆಗೆ ಏನೂ ನೆನಪಿಲ್ಲ. ಆ ಮೇಷ್ಟ್ರೋ, ಮಾತೆತ್ತಿದರೆ 'ವೆರಿ ಸಿಂಪಲ್' ಎನ್ನುತ್ತಾರೆ. ಸಿಂಪಲ್ಲಂತೆ, ಅವರ ತಲೆ! ಒಂದು ವಾಕ್ಯಕ್ಕೆ ನಾಲ್ಕು ಸಲ ನಿಲ್ಲಿಸಿ, ಡಿಕ್ಷನರಿ ತಿರುವಿ, ಹನ್ನೊಂದನೇ ಪಾಠದವರೆಗೆ ನಿನ್ನ ಹೆಸರನ್ನು ಎಳೆದು ತಂದೆ. ಅಮ್ಮ ಇದ್ದಿದ್ದರೆ 'ಈಗ ಮೀಸೆ ಚಿಗುರ್ತಿದೆ ನಿಮ್ಮಪ್ಪಂಗೆ' ಎಂದು ನಗುತ್ತಿದ್ದಳು.

ಅಲ್ಲೇ ಸಿಕ್ಕಿಬಿದ್ದೆ. ಆಮ್ಲಕ್ಕೆ ಸೋಡಾ ಹಾಕುವಾಗ ಆಮ್ಲ ಪೂರ್ತಿ ತೀರಿತೆಂದು ಹೇಗೆ ತಿಳಿಯುತ್ತದೆ ಎಂಬ ಪ್ರಶ್ನೆ. ಮೂವತ್ತೊಂದು ವರ್ಷ ನೂಲಿಗೆ ಬಣ್ಣ ಹಾಕಿದ ಕೈ, ಸುಮ್ಮನಿರುತ್ತದೆಯೇ? 'ನೊರೆ ಏಳುವುದು ನಿಲ್ಲಬೇಕು. ಆಮೇಲೂ ತೊಟ್ಟಿಗೆ ಕಿವಿಯಿಟ್ಟು ಕೇಳಬೇಕು. ಸುಂಯ್ ಎನ್ನುವ ಸದ್ದು ಅಡಗಿದ್ದರೆ ತೀರಿತು. ಅವಸರ ಮಾಡಿದರೆ ನೂಲು ಹಾಳು' ಎಂದು ಮುರುಕು ಇಂಗ್ಲಿಷಿನಲ್ಲಿ ಬರೆದೆ. ಮೇಷ್ಟ್ರಿಂದ ಎರಡೇ ಸಾಲು ಬಂತು: 'ಇದು ಹತ್ತೊಂಬತ್ತರ ಹುಡುಗಿಯ ಉತ್ತರವಲ್ಲ. ಯಾರು ನೀವು?' ಕಳ್ಳನನ್ನು ಕೇಳುವ ಹಾಗೆ! 'ಐ ಬೆಗ್ ಟು ಸ್ಟೇಟ್ ದಟ್ ಐ ಆಮ್ ದಿ ಫಾದರ್' ಎಂದು ಒಪ್ಪಿಕೊಂಡೆ. ನಾನು ಬರೆದದ್ದನ್ನೆಲ್ಲ ಹೊಡೆದು ಹಾಕಿದ್ದಾರೆ. ಇದೇ ತಿಂಗಳ ಇಪ್ಪತ್ತೆಂಟರ ಬೆಳಿಗ್ಗೆ ಹತ್ತಕ್ಕೆ ನೀನೇ ಕ್ಯಾಮೆರಾ ಮುಂದೆ ಕುಳಿತು ಪರೀಕ್ಷೆ ಬರೆದರೆ ಹೆಸರು ಉಳಿಯುತ್ತದಂತೆ, ಇಲ್ಲವಾದರೆ ಇಲ್ಲ.

ಮೇಷ್ಟ್ರು ಹಾಳಾಗಲಿ, ನಿನಗೇನು ಬಂದಿತ್ತು? 'ಓದಿ ಯಾರನ್ನ ಉದ್ಧಾರ ಮಾಡ್ಬೇಕಪ್ಪ' ಎಂದು ಬಾಗಿಲು ಬಡಿದು ಹೋದೆಯಲ್ಲ! ಸೀರೆ ಮಡಚಲು ನಿನ್ನ ಮಾವನಿಗೆ ಬೇರೆ ಕೈ ಸಿಗುವುದಿಲ್ಲವೇ? ನೀನು ಬಿಟ್ಟ ಪಾಠಗಳ ನೋಟ್ಸು ನಿನ್ನ ನೀಲಿ ಪುಸ್ತಕದಲ್ಲೇ ಬರೆದಿಟ್ಟಿದ್ದೇನೆ. ಸ್ಪೆಲಿಂಗ್ ನೋಡಿ ಹಲ್ಲು ಕಿರಿಯಬೇಡ.

ಮಾವನನ್ನೂ ಅತ್ತೆಯನ್ನೂ ಕೇಳಿದೆನೆಂದು ಹೇಳು. ಎಷ್ಟು ಬೈದರೂ ಆಶೀರ್ವಾದ ಎಲ್ಲಿಗೂ ಹೋಗಿಲ್ಲ.

ಇಂತಿ,
ಕಾಪಿ ಹೊಡೆದು ಸಿಕ್ಕಿಬಿದ್ದ
ನಿನ್ನ ಅಪ್ಪ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅಮ್ಮ ಹೋದ ದಿನ ನೆಂಟರೆದುರಿಗೆ 'ಕಿವಿಗೆ ಅದನ್ನ ಸಿಗಿಸ್ಕೊಂಡು ಪಾಠ ಕೇಳ್ತಿದ್ದೆ, ಅವಳು ಕರೆದ್ರೂ ನಿನಗೆ ಕೇಳಿಸ್ಲಿಲ್ಲ' ಎಂದೆನಲ್ಲ, ಅದು ಸುಳ್ಳು. ಯಾರನ್ನಾದರೂ ಬೈಯಬೇಕಿತ್ತು, ನೀನು ಹತ್ತಿರವಿದ್ದೆ. ಅವಳು ಕರೆಯಲೇ ಇಲ್ಲ. ನಿನ್ನನ್ನು ಕರೆಯಲು ನಾನು ಎದ್ದೆ, ಕೈ ಹಿಡಿದು ಕೂರಿಸಿದಳು. 'ಪಾಠ ಮುಗೀಲಿ, ಬಿಡಿ' ಎಂದಳು. ಇಯರ್‌ಫೋನ್ ಡ್ರಾಯರಿನಲ್ಲೇ ಇದೆ.